ಜಾಂಗಡಕ್ಕೆ ಬಂದ ಎರಡು ಲ್ಯಾಪ್‌ಟಾಪ್

೧೯೯೯ರ ದೀಪಾವಳಿ ಮುಗಿದು ಹದಿನೈದು ದಿನಕ್ಕೆ, ಒಂದು ಸೋಮವಾರ, ನಮ್ಮ ಮನೆಗೆ ಎರಡು ಲ್ಯಾಪ್‌ಟಾಪ್ ಜಾಂಗಡಕ್ಕೆ ಬಂದವು.

ಜಾಂಗಡ ಅಂದರೆ ಏನೆಂದು ಸೊಲ್ಲಾಪುರದ ಹೆಂಗಸರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಸೀರೆ ಅಂಗಡಿಯವರು ಹತ್ತು ಸೀರೆ ಗಂಟು ಕಟ್ಟಿ ಮನೆಗೆ ಕಳಿಸುತ್ತಾರೆ. ಮನೆಯವರು ನಾಲ್ಕು ದಿನ ಇಟ್ಟುಕೊಂಡು, ಬೆಳಕಿಗೆ ಹಿಡಿದು, ಪಕ್ಕದ ಮನೆಯವರಿಗೆ ತೋರಿಸಿ, ಒಂದೋ ಎರಡೋ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತಾರೆ. ನಿಯಮ ಎರಡೇ. ಮಡಿಕೆ ಬಿಚ್ಚಿ ಉಡಬಾರದು. ಅರಿಶಿನ ಕುಂಕುಮ ತಾಗಬಾರದು. ಹೊಸ ಸೀರೆಯ ಅಂಚಿಗೆ ಕುಂಕುಮ ಹಚ್ಚಿದರೆ ಮನೆ ಅದನ್ನು ಒಪ್ಪಿಕೊಂಡ ಹಾಗೆ, ಅಲ್ಲಿಗೆ ಮಾತು ಮುಗಿಯಿತು.

ಲ್ಯಾಪ್‌ಟಾಪಿಗೆ ಈ ಕಾಯದೆ ಹೇಗೆ ಬಂತೆಂದರೆ, ನವೀ ಪೇಟೆಯಲ್ಲಿ ಅಮೃತಪ್ಪನವರದು ಸೀರೆ ಅಂಗಡಿ. ಅವರ ಮಗ ಸಿದ್ದೇಶ್ವರ ಪುಣೆಯಲ್ಲಿ ಆರು ತಿಂಗಳ ಕೋರ್ಸು ಮಾಡಿ ಬಂದು, ಅದೇ ಅಂಗಡಿಯ ಅಟ್ಟದ ಮೇಲೆ ಕಂಪ್ಯೂಟರ್ ಮಾರಲು ಕೂತಿದ್ದ. ಅಪ್ಪ ಜಾಗ ಕೊಡುವಾಗ ಒಂದೇ ಕರಾರು ಹಾಕಿದ್ದರು: ಕೆಳಗಿನ ಕಾಯದೆ ಮೇಲೆಯೂ ನಡೆಯಬೇಕು. ಕಂಪ್ಯೂಟರಿಗೆ ಮಡಿಕೆ ಎಲ್ಲಿರುತ್ತದೆ ಎಂದು ಮಗ ಕೇಳಿದನಂತೆ. "ಮಡಿಕಿ ಇಲ್ಲದಿದ್ದರ ಬಿಡು, ಕುಂಕುಮ ಅಂತೂ ಎಲ್ಲಾಕ್ಕೂ ತಾಗತೈತಿ" ಅಂದರಂತೆ ಅಮೃತಪ್ಪ.

ಎರಡೂ ಮುಂಬಯಿಯ ಯಾವುದೋ ಕಂಪನಿಯವರು ಉಪಯೋಗಿಸಿ ಬಿಟ್ಟ ಯಂತ್ರಗಳು. ಎರಡಕ್ಕೂ ಬೆಲೆ ಒಂದೇ. ಹಾಗಾಗಿ ಬೆಲೆ ನೋಡಿ ಆರಿಸುವ ಸೌಭಾಗ್ಯ ನಮಗಿರಲಿಲ್ಲ. ದುಡ್ಡು ನನ್ನದು, ಆಯ್ಕೆ ಮನೆಯದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ನಾನು ಶ್ರೀಲೇಖಾ. ಕನ್ನಡ ಕಾಗದಗಳನ್ನು ಮರಾಠಿಗೆ ಮಾಡಿಕೊಡುವುದು ನನ್ನ ಕೆಲಸ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಜನ ಮಾತಾಡುವುದು ಕನ್ನಡ, ಮನೆಯ ಹಳೇ ಪತ್ರಗಳು ಕನ್ನಡ, ಕೋರ್ಟಿನ ಕಾಗದ ಮಾತ್ರ ಮರಾಠಿ. ನಡುವೆ ನನ್ನಂಥವರು ನಾಲ್ಕೈದು ಜನ ಇದ್ದೇವೆ. ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಓದಿ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಬಿ.ಎ. ಮಾಡಿ, ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಟೈಪ್‌ರೈಟರ್ ಊಟದ ಮೇಜಿನ ಮೇಲೆ ಇರುತ್ತದೆ. ಊಟದ ಹೊತ್ತಿಗೆ ಅದನ್ನು ಎತ್ತಿ ಕಪಾಟಿನ ಮೇಲೆ ಇಡಬೇಕು, ಊಟವಾದ ಮೇಲೆ ಇಳಿಸಬೇಕು. ನನ್ನ ಬಲಭುಜ ಎಡಭುಜಕ್ಕಿಂತ ಗಟ್ಟಿಯಾಗಿದೆ.

ದೀಪಾವಳಿಗೆ ಮೊದಲು ಅಕ್ಕಲಕೋಟದ ಭೀಮಶಾ ವಕೀಲರು ನನ್ನನ್ನು ಕರೆಸಿದ್ದರು. ಹನ್ನೂರಿನ ನೀಲಾಬಾಯಿ ಎಂಬುವರ ಕೇಸು. ಗಂಡ ಸತ್ತ ಮೇಲೆ ಹೊಲದ ಪಾಲು ಬಿಟ್ಟುಕೊಟ್ಟಿದ್ದಾಳೆ ಎಂದು ಮೈದುನ ಒಂದು ಕಾಗದ ಹಿಡಿದಿದ್ದ, ನಾನು ಬಿಟ್ಟಿಲ್ಲ ಎಂದು ಈಕೆ. ಹೇಳಿಕೆ ಬರೆದುಕೊಳ್ಳಲು ವಕೀಲರು ಒಬ್ಬ ಮರಾಠಿ ಟೈಪಿಸ್ಟನನ್ನು ಕೂರಿಸಿದ್ದರು. ಅವನಿಗೆ ಕನ್ನಡ ತಕ್ಕಮಟ್ಟಿಗೆ ತಿಳಿಯುತ್ತದೆ ಎಂದು ಅವನೇ ಹೇಳಿದ್ದ. ನಾನು ಒಳಗೆ ಹೋದಾಗ ನೀಲಾಬಾಯಿ ಅರ್ಧ ತಾಸು ಮಾತಾಡಿ ಮುಗಿಸಿದ್ದರು. ಕಾಗದದ ಮೇಲೆ ಒಂದೂವರೆ ಸಾಲು ಇತ್ತು. ಆಕೆ ಅದನ್ನು ಬೆರಳಿಟ್ಟು ಅಳೆದು ನೋಡಿ, "ಯಪ್ಪಾ, ನಾ ಹೇಳಿದ್ದು ಇಷ್ಟ ಏನು?" ಎಂದು ಕೇಳಿದರು. ಟೈಪಿಸ್ಟ್ "ಇಷ್ಟೇ ಬೇಕಾದದ್ದು" ಎಂದ. ನಾನು ತಿದ್ದಿ ಅಂದರೆ, ಕಾರ್ಬನ್ ಹಾಕಿ ಆಗಿದೆ, ಈಗ ಬರುವುದಿಲ್ಲ ಅಂದ. ನೀಲಾಬಾಯಿಯ ಆಗಿನ ಮುಖ ನನಗೆ ದೀಪಾವಳಿ ಪೂರ್ತಿ ಮರೆಯಲಿಲ್ಲ. ಕರಚಿಕಾಯಿ ಕರಿಯುವಾಗಲೂ ಅದೇ.

ಭೀಮಶಾ ಅವರಿಗೂ ಕೆಟ್ಟೆನಿಸಿತ್ತು. "ಬಾಯಾರ, ವಾರಕ್ಕ ಮೂರು ದಿನ ನೀವ ಬರ್ರಿ. ಇಂಥಾ ಹೆಣ್ಣಮಕ್ಕಳು ನನ್ನ ಹಂತ್ಯಾಕ ಭಾಳ ಬರ್ತಾರ. ಖುರ್ಚಿ ಮೇಜ ಕೊಡ್ತೀನಿ. ಆದ್ರ ಹತ್ತರಿಂದ ನಾಕರ ತನಕ ಇಲ್ಲಿ ಕರೆಂಟ್ ಇರೂದಿಲ್ಲ, ಮತ್ತ ಹೇಳಿಕಿ ಆವತ್ತಿಂದ ಆವತ್ತ ಟೈಪ್ ಆಗಬೇಕು. ಹೊತ್ತಗೊಂಡು ಬರೂವಂಥಾ ಮಸೀನ್ ನೋಡ್ರಿ" ಎಂದರು. ದೀಪಾವಳಿಯ ನಂತರದ ಮೂರನೇ ಶುಕ್ರವಾರದೊಳಗೆ ಹೌದೋ ಅಲ್ಲವೋ ಹೇಳಬೇಕು. ಇಲ್ಲದಿದ್ದರೆ ಟೈಪಿಸ್ಟ್ ಇದ್ದೇ ಇದ್ದಾನೆ.

ಸಿದ್ದೇಶ್ವರ ತಂದುಕೊಟ್ಟ ಎರಡರಲ್ಲಿ ಒಂದು ಬೂದು, ಇನ್ನೊಂದು ಬಣ್ಣದ್ದು. ಹೊರಗಿನಿಂದ ಎರಡೂ ಬೂದೇ. ಒಂದರ ಪರದೆಯಲ್ಲಿ ಬಣ್ಣ ಇರಲಿಲ್ಲ, ಅದಕ್ಕೆ ಆ ಹೆಸರು. ಬೂದಿನಲ್ಲಿ ಸಿಡಿ ಹಾಕಲು ಬರುವುದಿಲ್ಲ, ಹಾಡು ಬರುವುದಿಲ್ಲ, ಹಗುರ, ಬ್ಯಾಟರಿ ಮೂರು ತಾಸು ನಡೆಯುತ್ತದೆ. ಸಿದ್ದೇಶ್ವರ ಅದರಲ್ಲಿ ಕನ್ನಡ ಮರಾಠಿ ಎರಡೂ ಟೈಪ್ ಮಾಡಲು ಬರುವ ಹಾಗೆ ಮಾಡಿಕೊಟ್ಟಿದ್ದ. ಬಣ್ಣದ್ದರಲ್ಲಿ ಸಿಡಿ, ಸ್ಪೀಕರು, ಕಾರು ಓಡಿಸುವ ಆಟ, ಎಲ್ಲಾ ಇತ್ತು. ಬ್ಯಾಟರಿ ಮಾತ್ರ ನಲವತ್ತು ನಿಮಿಷ. ಎತ್ತಿದರೆ ಐದು ಸೇರು ಜೋಳ ಎತ್ತಿದ ಹಾಗೆ.

ಹೀಗಿರುವಾಗ ಆರಿಸುವುದರಲ್ಲಿ ಕಷ್ಟವೇನು ಅನ್ನಿಸಬಹುದು. ನನಗೂ ಸೋಮವಾರ ಸಂಜೆಯವರೆಗೆ ಹಾಗೇ ಅನ್ನಿಸಿತ್ತು.

ನನ್ನ ಯಜಮಾನರು ನಾಗೇಶ, ಸರ್ಕಾರಿ ಕಚೇರಿಯೊಂದರ ಖರೀದಿ ವಿಭಾಗದಲ್ಲಿ ಹೆಡ್‌ಕ್ಲಾರ್ಕು. ಅಲ್ಲಿ ಕಸಬರಿಗೆ ಕೊಳ್ಳಬೇಕಾದರೂ ತುಲನಾತ್ಮಕ ತಖ್ತೆ ಮಾಡಬೇಕು. ಮನುಷ್ಯ ಒಳ್ಳೆಯವರು. ತಖ್ತೆ ಮಾಡದೆ ಏನನ್ನೂ ಪ್ರೀತಿಸಲು ಬರುವುದಿಲ್ಲ, ಅಷ್ಟೇ. ಮಂಗಳವಾರ ಬೆಳಿಗ್ಗೆ ಹೊತ್ತಿಗೆ ಫುಲ್‌ಸ್ಕೇಪ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಬಣ್ಣ: ಒಂದಕ್ಕೆ ಹತ್ತು ಅಂಕ, ಇನ್ನೊಂದಕ್ಕೆ ಸೊನ್ನೆ. ಸಿಡಿ: ಹತ್ತು, ಸೊನ್ನೆ. ಧ್ವನಿ: ಹತ್ತು, ಒಂದು. ಆ ಒಂದು ಯಾಕೆಂದರೆ ಬೂದು ಚಾಲೂ ಆಗುವಾಗ ಒಮ್ಮೆ ಕಿಂಯ್ ಅನ್ನುತ್ತದೆ. ತೂಕ: ಬಣ್ಣದ್ದಕ್ಕೆ ಹತ್ತು, ಬೂದಿಗೆ ಐದು, ಕಾರಣ ಅಷ್ಟೇ ಬೆಲೆಗೆ ಹೆಚ್ಚು ಮಾಲು. ಬ್ಯಾಟರಿ ಎಂಬ ಕಲಮಿನ ಮುಂದೆ "ಎರಡಕ್ಕೂ ಇದೆ" ಎಂದು ಬರೆದು ಐದೈದು ಅಂಕ ಕೊಟ್ಟಿದ್ದರು.

"ಮೂರು ತಾಸು ಮತ್ತ ನಲವತ್ತು ನಿಮಿಷ ಎರಡೂ ಒಂದೇ ಏನ್ರಿ?" ಎಂದೆ.

"ಮನ್ಯಾಗ ಕರೆಂಟ್ ಅದಲ್ಲ."

"ಅಕ್ಕಲಕೋಟದಾಗ ಇಲ್ಲ."

"ಅಕ್ಕಲಕೋಟಕ್ಕ ವಾರದಾಗ ಮೂರು ದಿನ. ಮನ್ಯಾಗ ಏಳು ದಿನ. ಕೆಲಸಕ್ಕ ಅಂತ ತಗೋಬಾರದು ಲೇಖಾ, ರೋಜಿಂದಕ್ಕ ಅಂತ ತಗೋಬೇಕು. ಕೆಲಸ ಅದರಾಗ ಆಗ್ತದ."

ನನ್ನ ಕೆಲಸ ರೋಜಿನದರಲ್ಲಿ, ಅಂದರೆ ದಿನನಿತ್ಯದ್ದರಲ್ಲಿ, ಬರುವುದಿಲ್ಲ ಎಂದು ಹನ್ನೊಂದು ವರ್ಷದ ನಂತರ ತಿಳಿದ ಹಾಗಾಯಿತು. ಕೋಪ ಬಂತು. ಚಹಾದ ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟೆ. ಅವರು ತಖ್ತೆಯ ಮೇಲೆ ಬಿದ್ದ ಹನಿಯನ್ನು ಶಾಯಿ ಹೀರುವ ಕಾಗದದಿಂದ ಒತ್ತಿ ತೆಗೆದರು.

ಮಗಳು ಸುರಭಿ ಒಂಬತ್ತನೇ ತರಗತಿ, ಮರಾಠಿ ಶಾಲೆ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳ ಗೆಳತಿಯ ಮನೆಯಲ್ಲಿ ಸಿಡಿಯ ಮೇಲೆ ಇಡೀ ವಿಶ್ವಕೋಶ ಇದೆಯಂತೆ, ಅದರಲ್ಲಿ ತಿಮಿಂಗಿಲ ಕೂಗುವುದೂ ಕೇಳಿಸುತ್ತದಂತೆ. "ಆಯಿ, ಬಣ್ಣದ್ದು ಮಸ್ತ ಅದ. ಬೂದೀದು ನೋಡಿದ್ರ ನಿದ್ದಿ ಬರ್ತದ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಿಮಿಂಗಿಲದ ಧ್ವನಿ ಕೇಳಬೇಕೆನ್ನುವುದು ತಪ್ಪಲ್ಲ.

ಇನ್ನು ಅತ್ತೆ, ಅಂಬಾಬಾಯಿ. ಅರವತ್ತನಾಲ್ಕು ವರ್ಷ. ಅವರು ಎರಡೂ ಯಂತ್ರಗಳ ಮೇಲೆ ಒಂದೊಂದು ಟಾವೆಲು ಹೊದಿಸಿದರು, ಅಭಿಪ್ರಾಯ ಹೇಳಲಿಲ್ಲ. ಅಭಿಪ್ರಾಯ ಹೇಳುವವರೇ ಅಲ್ಲ. ಮಾವ ಹೋಗಿ ಒಂಬತ್ತು ವರ್ಷ, ಅಂದಿನಿಂದ ಕುಂಕುಮದ ಭರಣಿ ಮುಟ್ಟಿಲ್ಲ. ದೇವರಿಗೆ ಹಚ್ಚುವುದಿದ್ದರೂ ನನ್ನನ್ನೋ ಸುರಭಿಯನ್ನೋ ಕರೆಯುತ್ತಾರೆ. ಹಾಗೆ ಮಾಡಬೇಕು ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಬುಧವಾರ ನಾನು ಮನೆಯಲ್ಲಿ ಯಾರಿಗೂ ಹೇಳದೆ ಬೂದನ್ನು ಟಾವೆಲಿನಲ್ಲಿ ಸುತ್ತಿ, ಬಾಜಾರ ಚೀಲದಲ್ಲಿ ಹಾಕಿಕೊಂಡು ಅಕ್ಕಲಕೋಟದ ಎಸ್‌ಟಿ ಹತ್ತಿದೆ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಬಹುದಾದರೆ ಲ್ಯಾಪ್‌ಟಾಪನ್ನು ಅಕ್ಕಲಕೋಟದಲ್ಲಿ ಹಿಡಿದು ನೋಡಬಹುದು. ನಿಯಮದಲ್ಲಿ ಬೇಡ ಎಂದಿರಲಿಲ್ಲ. ಬಸ್ಸು ವಳಸಂಗದ ಹತ್ತಿರ ಎತ್ತಿ ಹಾಕಿದಾಗಲೆಲ್ಲ ಚೀಲ ತೊಡೆಯ ಮೇಲೆ ಎತ್ತಿ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು "ಕೂಸ ಎಷ್ಟು ತಿಂಗಳಿಂದು?" ಎಂದು ಕೇಳಿ, ಟಾವೆಲಿನ ಅಂಚು ಸರಿಸಿ ನೋಡಿ, ಮತ್ತೆ ಹಾಗೇ ಹೊದಿಸಿದಳು.

ಭೀಮಶಾ ಅವರ ಕಚೇರಿ ಎಂದರೆ ಕೋರ್ಟಿನ ಹಿಂದೆ ತಗಡಿನ ಮಾಡಿನ ಎರಡು ಖೋಲಿ. ನಾನು ಮಂಗಳವಾರವೇ ಫೋನ್ ಮಾಡಿ ತಿಳಿಸಿದ್ದರಿಂದ ನೀಲಾಬಾಯಿಗೂ ಅವತ್ತೇ ಬರಲು ಹೇಳಿದ್ದರು. ಹತ್ತಕ್ಕೆ ಫ್ಯಾನ್ ನಿಂತಿತು. "ನೋಡ್ರಿ, ಹೋತು" ಎಂದರು ವಕೀಲರು. ನಾನು ಬೂದನ್ನು ತೆರೆದೆ. ಅದು ಕಿಂಯ್ ಎಂದು ಚಾಲೂ ಆಯಿತು.

ನೀಲಾಬಾಯಿ ಮೊದಲು ಕಡಿಮೆ ಮಾತಾಡಿದರು. ಹೋದ ಸಲ ಒಂದೂವರೆ ಸಾಲಾಗಿತ್ತಲ್ಲ, ಈ ಸಲ ಅಷ್ಟೇ ಹೇಳಿದರೆ ಸಾಕೆಂದು ತೀರ್ಮಾನಿಸಿಕೊಂಡು ಬಂದಿದ್ದರು. ಎಲ್ಲಾ ಹೇಳಿ ಎಂದೆ. ಆಗ ಶುರುವಾಯಿತು. ಮೈದುನ ಯಾವ ದಿನ ಬಂದ, ಅಂಗಳದಲ್ಲಿ ಯಾರು ಯಾರು ಕೂತಿದ್ದರು, ಒಲೆಯ ಮೇಲೆ ಏನಿತ್ತು, ಕಾಗದ ಓದಿ ಹೇಳ್ರಿ ಎಂದು ಎಷ್ಟು ಸಲ ಕೇಳಿದರು, ಯಾರು ಯಾವ ಕಡೆ ಮುಖ ತಿರುಗಿಸಿದರು. ನಾನು ಆಕೆ ಅಂದದ್ದನ್ನು ಅಂದ ಹಾಗೆ ಕನ್ನಡದಲ್ಲಿ ಹೊಡೆಯುತ್ತ ಹೋದೆ. ಮರಾಠಿ ಆಮೇಲೆ. ಮುಗಿದ ಮೇಲೆ ಪರದೆ ನೋಡಿ ಮೊದಲಿನಿಂದ ಓದಿ ಹೇಳಿದೆ.

"ಎತ್ತ ಎರಡು ಅಂದ್ಯೇನವ್ವ?" ಎಂದು ನಡುವೆ ತಡೆದರು. "ಒಂದ ಇತ್ತು. ಇನ್ನೊಂದು ಆಗ ಮಾರಿದ್ವಿ. ಆದ್ರ ಈಗ ಬರದಿ ಹೋಗ್ಲಿ."

"ತಿದ್ದತೀನಿ" ಎಂದು ತಿದ್ದಿ, ಆ ಸಾಲು ಮತ್ತೆ ಓದಿದೆ.

"ತಿದ್ದಾಕೂ ಬರತೈತಿ?" ಎಂದು ವಕೀಲರ ಮುಖ ನೋಡಿದರು. ವಕೀಲರು ತಾವೇ ಕಂಡುಹಿಡಿದ ಯಂತ್ರವೆಂಬಂತೆ ತಲೆಯಾಡಿಸಿದರು. ಅಲ್ಲಿಂದ ಮುಂದೆ ಆಕೆ ಹದಿಮೂರು ಕಡೆ ತಿದ್ದಿಸಿದರು, ಹದಿಮೂರೂ ನಿಜವಾಗಿ ತಿದ್ದಬೇಕಾದ ಕಡೆ. ಒಟ್ಟು ಎರಡು ತಾಸು ಹತ್ತು ನಿಮಿಷ. ಬ್ಯಾಟರಿ ಇನ್ನೂ ಇತ್ತು. ಕೊನೆಗೆ ಸೆರಗು ಸರಿಮಾಡಿಕೊಂಡು, "ಇದು ನಾ ಹೇಳಿದ್ದು" ಎಂದರು.

ನನಗೆ ಆ ದಿನ ಎಷ್ಟು ಸಂತೋಷವಾಗಿತ್ತೆಂದರೆ, ವಾಪಸ್ ಬರುವಾಗ ಕಿಟಕಿಯ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೆ. ಕಂಡಕ್ಟರ್ ಎರಡು ಸಲ ಟಿಕೇಟ್ ಆಯಿತೇನ್ರಿ ಎಂದು ಕೇಳಿದ. ಈ ಕೆಲಸ ನನಗೆ ಬೇಕು, ಈ ಯಂತ್ರವೇ ಬೇಕು. ಇಷ್ಟು ಸ್ಪಷ್ಟವಾಗಿ ನನಗೆ ಹಿಂದೆ ಏನೂ ಬೇಕಾಗಿರಲಿಲ್ಲ, ಗಂಡ ಸಹ.

ಸಂಜೆ ಅಡುಗೆಮನೆಯ ಬಾಗಿಲ ಹತ್ತಿರ ಕೂತು ಮರಾಠಿಗೆ ಮಾಡುವ ಮೊದಲು ಕನ್ನಡವನ್ನು ಇನ್ನೊಮ್ಮೆ ಓದಿದೆ. ನನಗೊಂದು ಕೆಟ್ಟ ಚಟ, ಬಾಯಿ ಬಿಟ್ಟು ಓದದೆ ಅನುವಾದ ಮಾಡಲು ಬರುವುದಿಲ್ಲ. ವಕೀಲರ ಕಾಗದವನ್ನು ಹಾಗೆ ಓದಬಾರದು, ಗೊತ್ತು. ಅತ್ತೆ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದರು. ಸಿಪ್ಪೆಯ ಸದ್ದು ಯಾವಾಗ ನಿಂತಿತೋ ಗಮನಿಸಲಿಲ್ಲ. ಓದಿ ಮುಗಿಸಿ ತಲೆ ಎತ್ತಿದಾಗ ಅವರ ಕೈ ಮೊರದ ಮೇಲೆ ಸುಮ್ಮನಿತ್ತು.

"ಅಕಿ ಅಂದದ್ದು ಅಂದಂಗ ಬರದೀಯೇನು?" ಎಂದು ಕೇಳಿದರು.

"ಹೌದ್ರಿ."

"ಓದಿ ಹೇಳಿದಿ?"

"ಹೇಳಿದೆ. ತಿದ್ದೂ ಅಂದ್ಲು, ತಿದ್ದಿದೆ."

ಅವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಅದೇ ಸಂಜೆ ನಾಗೇಶ ತಖ್ತೆಯ ಕೆಳಗೆ ಮೊತ್ತ ಹಾಕಿ, ಸಹಿ ಮಾಡಿ, ತೀರ್ಪು ಓದಿದರು. ನಾಳೆ ಗುರುವಾರ, ದಿನ ಚೆನ್ನಾಗಿದೆ. ಬಣ್ಣದ್ದಕ್ಕೆ ಪೂಜೆ ಮಾಡಿ ಕುಂಕುಮ ಹಚ್ಚುವುದು. ಶುಕ್ರವಾರ ಬೂದನ್ನು ವಾಪಸ್ ಕೊಡುವುದು. ನಾನು ನೇರವಾಗಿ ಹೇಳಿದೆ: ನನಗೆ ಬೂದು ಬೇಕು, ಅದಿಲ್ಲದಿದ್ದರೆ ಅಕ್ಕಲಕೋಟದ ಕೆಲಸ ಹೋಗುತ್ತದೆ, ಬೆಳಿಗ್ಗೆ ಒಯ್ದು ನೋಡಿಕೊಂಡು ಬಂದಿದ್ದೇನೆ. ಹೇಳದೆ ಒಯ್ದದ್ದಕ್ಕೆ ಅವರಿಗೆ ಸ್ವಲ್ಪ ನೋವಾಯಿತು. ಆದರೆ ದನಿ ಏರಿಸುವವರಲ್ಲ.

"ಬಹುಮತ ನೋಡೋಣಲ್ಲ" ಎಂದರು. "ನಾನು, ಸುರಭಿ, ಅವ್ವ. ಮೂರಕ್ಕ ಒಂದು."

"ಅವ್ವಾರನ್ನ ಕೇಳಿದ್ರಿ?"

"ಅವ್ವ ನನ್ನ ಕಡಿ ಇರ್ತಾಳ."

ಅತ್ತೆ ಒಳಗೆ ಹಾಸಿಗೆ ಹಾಸುತ್ತಿದ್ದರು. ಎದ್ದು ಹೋಗಿ ಬೂದಿಗೆ ನಾನೇ ಒಂದು ಚಿಟಿಕೆ ಕುಂಕುಮ ಹಚ್ಚಿಬಿಡಲೇ ಎಂದು ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ನಾನು ಹಚ್ಚಿದರೆ ಅದು ಜಗಳವಾಗುತ್ತದೆ, ಮನೆ ಒಪ್ಪಿದ ಹಾಗಾಗುವುದಿಲ್ಲ. ಕುಂಕುಮಕ್ಕೂ ಒಂದು ಮರ್ಯಾದೆ ಇದೆ. ಹಚ್ಚಲಿಲ್ಲ, ರಾತ್ರಿ ಊಟವನ್ನೂ ಮಾಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಗುರುವಾರ ಸಂಜೆ ದೇವರ ಮುಂದೆ ಮಣೆಯ ಮೇಲೆ ಬಣ್ಣದ್ದನ್ನು ಇಟ್ಟರು. ಬೂದು ಪಕ್ಕದಲ್ಲಿ ನೆಲದ ಮೇಲೆ, ಅದರ ಚೀಲದೊಳಗೆ, ವಾಪಸ್ ಹೋಗಲು ಸಿದ್ಧವಾಗಿ. ನಾಗೇಶ ತೆಂಗಿನಕಾಯಿ ಹಿಡಿದಿದ್ದರು. ಸುರಭಿಯ ಕೈಯಲ್ಲಿ ಕುಂಕುಮದ ಭರಣಿ. ನಾನು ಆರತಿಗೆ ಬತ್ತಿ ಹಾಕುತ್ತಿದ್ದೆ, ಇಲ್ಲ ಅನ್ನಲು ಕಾರಣ ಉಳಿದಿರಲಿಲ್ಲ.

"ತಾ ಇಲ್ಲೆ" ಎಂದು ಅತ್ತೆ ಕೈ ಚಾಚಿದರು. ಹಿಡಿದುಕೊಳ್ಳಲು ಕೇಳುತ್ತಿದ್ದಾರೆ ಎಂದು ಸುರಭಿ ಭರಣಿ ಕೊಟ್ಟಳು. ಅತ್ತೆ ಮುಚ್ಚಳ ತೆಗೆದರು. ಬೆರಳು ಒಳಗಿಟ್ಟರು. ಬಗ್ಗಿ, ಎಡಗೈಯಿಂದ ಬೂದನ್ನು ಚೀಲದಿಂದ ಎಳೆದು, ಅದರ ಮುಚ್ಚಳದ ನಡುವೆ ಕುಂಕುಮ ಇಟ್ಟರು. ಆಮೇಲೆ ಪೂಜೆಯ ತಟ್ಟೆಯಿಂದ ಅರಿಶಿನ. ಆಮೇಲೆ, ಸಾಲಲಿಲ್ಲವೆಂಬಂತೆ, ಇನ್ನೊಂದು ಸಲ ಕುಂಕುಮ.

ಒಂಬತ್ತು ವರ್ಷದಲ್ಲಿ ಆ ಬೆರಳಿಗೆ ಕುಂಕುಮ ತಾಗಿರಲಿಲ್ಲ. ಮೊದಲು ಚೇತರಿಸಿಕೊಂಡವರು ನಾಗೇಶ.

"ಅವ್ವಾ, ಅದು ವಾಪಸ ಕೊಡೋದು. ಇದು ಇಟ್ಟುಕೊಳ್ಳೋದು."

"ಕುಂಕುಮ ಬಿತ್ತಲ್ಲ. ಹ್ಯಾಂಗ ವಾಪಸ ಕೊಡ್ತಿ?"

"ನಿನಗ ಗೊತ್ತಾಗ್ಲಿಲ್ಲ, ಎರಡೂ ಒಂದೇ ಕಾಣಸ್ತಾವ—"

"ಗೊತ್ತಾಗ್ಯದ. ಅಕಿಗೆ ಬೇಕಾದದ್ದು ಇದು. ದುಡದಾಕಿ ಅಕಿ." ಇಷ್ಟು ಹೇಳಿ ಭರಣಿಯನ್ನು ಸುರಭಿಗೆ ಕೊಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಬಿಳಿ ಸೆರಗಿನ ಮೇಲೆ ಕೆಂಪು ಗೆರೆ ಉಳಿಯಿತು. ತೆಂಗಿನಕಾಯಿ ಒಡೆಯಲಿಲ್ಲ. ಮರುದಿನ ಹುಳಿಗೆ ಹಾಕಿದೆವು.

ಶುಕ್ರವಾರ ಬೆಳಿಗ್ಗೆ ನಾಗೇಶ ಒದ್ದೆ ಬಟ್ಟೆಯಿಂದ ಬೂದನ್ನು ಒರೆಸಿದರು. ಮೇಲಿನದು ಹೋಯಿತು, ಮುಚ್ಚಳದ ಕೀಲಿನ ಸಂದಿಯಲ್ಲಿ ಅರಿಶಿನ ಹಾಗೇ ಉಳಿಯಿತು. ಕಚೇರಿಗೆ ತಡವಾಗುತ್ತದೆಂದು ಗೊಣಗುತ್ತಲೇ ಎರಡನ್ನೂ ರಿಕ್ಷಾದಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಅಮೃತಪ್ಪ ಗಾದಿಯ ಮೇಲೆ ಕೂತಿದ್ದರು. ಬೂದನ್ನು ಎತ್ತಿ, ಸೀರೆಯ ಅಂಚು ನೋಡುವ ಹಾಗೆ ಕೀಲನ್ನು ಬೆಳಕಿಗೆ ಹಿಡಿದರು.

"ಅರಿಷಿಣ" ಎಂದರು.

"ತಪ್ಪಿ ಆಗ್ಯದ್ರಿ. ನಮ್ಮ ಠರಾವು ಬಣ್ಣದ್ದರ ಮ್ಯಾಲ ಇತ್ತು. ತಖ್ತೆ ತಂದೀನಿ" ಎಂದರು ನಾಗೇಶ.

"ಯಾರು ಹಚ್ಚಿದ್ರು?"

"ನಮ್ಮವ್ವ."

ಅಮೃತಪ್ಪನವರಿಗೆ ನಮ್ಮ ಮಾವ ಗೊತ್ತು, ಮಾವ ಹೋದದ್ದೂ ಗೊತ್ತು. ಅವರು ಒಂದು ಗಳಿಗೆ ತಡೆದರು. ನಾಗೇಶರಿಗೆ ಆ ತಡೆಯಲ್ಲಿ ದಾರಿ ಕಂಡಿತು. "ಅದನ್ನೇ ಹೇಳಾಕತ್ತೀನ್ರಿ. ಶಾಸ್ತ್ರ ನೋಡಿದ್ರ, ನಮ್ಮವ್ವ ಹಚ್ಚಿದ್ದು ಅದು..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು. ಕಿವಿ ಕೆಂಪಾಯಿತು. ಒಂದೇ ಒಂದು ವಾಕ್ಯ ಮುಗಿಸಿದ್ದರೆ ಅವರು ಗೆಲ್ಲುತ್ತಿದ್ದರು, ಮುಗಿಸಲಿಲ್ಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೊಂದೇ ಸಲ.

ಅಮೃತಪ್ಪ ಕನ್ನಡಕ ತೆಗೆದು ಒರೆಸಿದರು. "ಐವತ್ತು ವರ್ಷ ಆತ್ರಿ ಈ ಗಾದಿ ಮ್ಯಾಲ ಕುಂತು. ಯಾರ ಕೈಲೆ ಬಿತ್ತು ಅಂತ ಎಂದೂ ಕೇಳಿದ್ದಿಲ್ಲ. ಈವತ್ತೂ ಕೇಳಬಾರದಿತ್ತು, ನಂದ ತಪ್ಪು." ಆಮೇಲೆ ಅಟ್ಟದ ಕಡೆ ಮುಖ ಮಾಡಿ, "ಸಿದ್ದೇಶ್ವರಾ, ಬಣ್ಣದ್ದು ಒಳಗ ಇಡು" ಎಂದು ಕೂಗಿದರು.

ಅಂಗಡಿಯ ಫೋನಿನಿಂದಲೇ ಭೀಮಶಾ ಅವರಿಗೆ ಹೌದು ಎಂದು ಹೇಳಿದೆ. ನಾಗೇಶ ಹಾಗೇ ಕಚೇರಿಗೆ ಹೋದರು, ನಾನು ಬೂದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಬಂದು ಮೇಜಿನ ಪಕ್ಕದ ಕುರ್ಚಿಯ ಮೇಲೆ ಕೂತರು. ಸಾಮಾನ್ಯವಾಗಿ ನೆಲದ ಮೇಲೆ ಕೂರುವವರು.

"ಅದನ್ನ ತಗಿ" ಎಂದರು. "ನಂದೊಂದು ಬರಿಯೋದು ಅದ."

ಪತ್ರವಿರಬೇಕು ಅಂದುಕೊಂಡೆ. ತೆರೆದು ಕೂತೆ. ಅವರು ಕೈ ಮಡಿಲಲ್ಲಿಟ್ಟುಕೊಂಡು, ಗೋಡೆ ನೋಡುತ್ತ ಹೇಳತೊಡಗಿದರು.

"ಬರಿ. ನಾನು ಅಂಬಾಬಾಯಿ, ಕಂದಲಗಾಂವದ ಗುಂಡೋಪಂತರ ಮಗಳು. ಅರವತ್ತೊಂದನೇ ಇಸವಿ. ಅಪ್ಪ ಹೋಗಿ ಒಂದು ತಿಂಗಳಾಗಿತ್ತು. ಅಣ್ಣಂದಿರು ಇಬ್ಬರೂ ಬಂದು, ಸೀರಿ ಉಡಸಿ, ರಜಿಸ್ಟ್ರಿ ಕಚೇರಿಗೆ ಕರಕೊಂಡು ಹೋದ್ರು. ನಾಗೇಶ ಎರಡು ವರ್ಷದಾಂವ, ಕಂಕುಳದಾಗ ಇದ್ದ. ಕಾಗದ ಮರಾಠೀದು. ನನಗ ಆವಾಗ ಮರಾಠಿ ಬರತಿದ್ದಿಲ್ಲ. ಏನು ಬರದದ ಅಂತ ಕೇಳಿದೆ. ನಿನ್ನ ಪಾಲು ನೀ ರಾಜೀಖುಷಿಲೆ ಬಿಟ್ಟಿ ಅಂತ ಬರದದ ಅಂದ ಅಣ್ಣ. ನಾ ಅಂದೆ, ನಾ ಹಂಗ ಅಂದಿಲ್ಲ. ಬಾಂವಿ ಮಗ್ಗಲಿನ ತುಕಡಿ ನನಗ ಬೇಕು, ನಮ್ಮವ್ವನ್ನ ಅಲ್ಲೇ ಸುಟ್ಟದ, ಅದು ಬಿಡೂದಿಲ್ಲ ಅಂದೆ. ಎಲ್ಲಾರೂ ನಕ್ರು. ಸಾಹೇಬನೂ ನಕ್ಕ. ನಾ ಅಳಾಕತ್ತಿದ್ದೆ. ನನಗ ಸಹಿ ಮಾಡ್ಲಿಕ್ಕೆ ಬರತಿತ್ತು, ಅಪ್ಪ ಕಲಸಿದ್ದ. ತಡಾ ಆಗ್ತದ ಅಂತ ಹೆಬ್ಬೆಟ್ಟು ಹಿಡದು ಒತ್ತಿದ್ರು. ಬರದೀಯೇನು?"

"ಬರದೀನಿ."

"ಖುಷಿಲೆ ಅಂತ ನಾ ಅಂದಿಲ್ಲ. ಅದನ್ನ ಬ್ಯಾರೆ ಸಾಲಿನ್ಯಾಗ ಬರಿ."

ಬೇರೆ ಸಾಲಿನಲ್ಲಿ ಬರೆದೆ. ರಾಜೀಖುಷಿಯಿಂದ ಎಂಬ ಮಾತು ಇಲ್ಲದ ಹಕ್ಕುಬಿಟ್ಟ ಪತ್ರ ನಾನು ಇದುವರೆಗೆ ನೋಡಿಲ್ಲ. ಕನ್ನಡದಲ್ಲೂ ಅದೇ, ಮರಾಠಿಯಲ್ಲೂ ಅದೇ, ಹಾಗಾಗಿ ಆ ಮಾತೊಂದನ್ನು ಮಾತ್ರ ಓದದೆಯೇ ಹೊಡೆದುಬಿಡುತ್ತೇನೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಹೊಡೆದು, ಕೆಳಗೆ ಸರಿಯಾಗಿದೆ ಎಂದು ಸಹಿ ಮಾಡಿದ್ದೇನೋ. ನನಗೆ ನಾಚಿಕೆಯಾಯಿತು. ಅವರ ಕಡೆ ನೋಡಲಾಗದೆ ಕೀಲಿಗಳನ್ನೇ ನೋಡಿದೆ.

"ಓದು" ಎಂದರು.

ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದೇ ಕಡೆ ತಡೆದರು. "ಸಾಹೇಬ ನಕ್ಕ ಅಂತ ತಪ್ಪು ಹೇಳಿದೆ. ಅಂವ ನಕ್ಕಿಲ್ಲ. ಅಂವ ಕೆಳಗ ನೋಡಿದ. ತಿದ್ದು." ತಿದ್ದಿದೆ. ಮತ್ತೆ ಓದಿದೆ. ಹೌದು ಎಂದು ತಲೆಯಾಡಿಸಿದರು.

"ಯಾರಿಗೆ ಕಳಸೋದ್ರಿ ಇದು?" ಎಂದು ಕೇಳಿದೆ. ಅಣ್ಣಂದಿರು ಇಬ್ಬರೂ ತೀರಿಕೊಂಡಿದ್ದಾರೆ. ಹೊಲ ಎರಡು ಕೈ ಬದಲಾಗಿದೆ.

"ಯಾರಿಗೂ ಇಲ್ಲ. ಸಹಿ ಎಲ್ಲಿ ಮಾಡ್ಲಿ?"

ಪರದೆಯ ಮೇಲೆ ಸಹಿ ಮಾಡಲು ಬರುವುದಿಲ್ಲ, ಸಿದ್ದೇಶ್ವರನ ಹತ್ತಿರ ಪ್ರಿಂಟರ್ ಇದೆ, ನಾಳೆ ಛಾಪಿಸಿಕೊಂಡು ಬರುತ್ತೇನೆ ಎಂದೆ. ಅವರು ನಾಳೆಯವರೆಗೆ ಕಾಯಲು ಒಪ್ಪಲಿಲ್ಲ. ಮೇಜಿನ ಮೇಲಿದ್ದ ಕಾಗದದ ಕಟ್ಟಿನಿಂದ ತಾವೇ ಒಂದು ಖಾಲಿ ಹಾಳೆ ಎಳೆದುಕೊಂಡು, ನನ್ನ ಪೆನ್ನು ತೆಗೆದುಕೊಂಡು, ಹಾಳೆಯ ತೀರ ಕೆಳಗೆ ಕೈ ಇಟ್ಟರು.

"ಅತ್ತ್ಯಾರ, ಖಾಲಿ ಕಾಗದದ ಮ್ಯಾಲೆ ಯಾರಿಗೂ ಸಹಿ ಮಾಡಿ ಕೊಡಬಾರದ್ರಿ" ಎಂದೆ. ಬರುವ ಪ್ರತಿ ಹೆಂಗಸಿಗೂ ನಾನು ಮೊದಲು ಹೇಳುವ ಮಾತು ಅದು.

"ಗೊತ್ತದ" ಎಂದರು. ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ, ಅಂಬಾಬಾಯಿ ಗುಂಡೋಪಂತ, ಕಂದಲಗಾಂವ ಎಂದು ಬರೆದರು. ಮೇಲೆ ಇಡೀ ಹಾಳೆ ಖಾಲಿ. ಅದನ್ನು ನನ್ನ ಕಡೆ ಸರಿಸಿ, "ಮ್ಯಾಲೆ ನೀ ಛಾಪಿಸು" ಎಂದರು.